ಬೂದಿಹುರುಳಿಯನ್ನು ಕಳೆ ಎಂದವರಿಗೆ

ಮಾನ್ಯ ಹುಲ್ಲುಗಾವಲು ಸಂರಕ್ಷಣಾಧಿಕಾರಿಗಳೇ,

ನಿಮ್ಮ ಕಾವಲುಗೋಪುರದಲ್ಲಿ ಕೂತಿರುವ ಮನುಷ್ಯ ನನ್ನ ಅಕ್ಕನ ಗಂಡ. ಅವರನ್ನು ನೀವು ಬೆಂಕಿಯ ನಟ್ಟನಡುವೆ ಕೂರಿಸಿದ್ದೀರಿ. ಬೆಂಕಿ ಇನ್ನೂ ಹೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಗೋಪುರದ ಸುತ್ತ ನಾಲ್ಕು ವರ್ಷದ ಹುಲ್ಲು ಒಂದರ ಮೇಲೊಂದು ಒಣಗಿ ಬಿದ್ದಿದೆ. ಅದನ್ನು ಕೊಯ್ಯುವಂತಿಲ್ಲ, ಸುಡುವಂತಿಲ್ಲ. ಗಾಳಿಯ ತಿಂಗಳುಗಳು ಮುಗಿಯುವ ತನಕ ಕಾವಲುಗಾರ ಕೆಳಗಿಳಿದು ಊರಿಗೆ ಬರುವಂತೆಯೂ ಇಲ್ಲ. ಮೂರೂ ನಿಮ್ಮದೇ ಆದೇಶ. ಈ ಮೂರನ್ನು ಒಟ್ಟಿಗೆ ಓದಿದರೆ ಏನಾಗುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಒಮ್ಮೆ ಯೋಚಿಸಿದ್ದಾರೆಯೇ?

ಇದನ್ನು ಊರೆಲ್ಲ ಓದುವ ಹಾಗೆ ಬರೆಯುವ ಆಸೆ ನನಗಿರಲಿಲ್ಲ. ಮೊದಲು ನಿಮ್ಮ ಕಚೇರಿಗೇ ಬಂದೆ. ಬಾಗಿಲ ಪಕ್ಕದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಏನು ಓದಿದ್ದೀಯಮ್ಮಾ?" ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದೆ: "ಒಂಬತ್ತನೇ ಕ್ಲಾಸು, ಅರ್ಧ."

"ಹಾಗಾದ್ರೆ ಉಳಿದರ್ಧ ಮುಗಿಸ್ಕೊಂಡು ಬಾ. ಸಾಹೇಬರು ಅಷ್ಟರಲ್ಲಿ ಮೀಟಿಂಗ್ ಮುಗಿಸಿರ್ತಾರೆ."

ಪಕ್ಕದ ಮೇಜಿನವರು ನಕ್ಕರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಒಳ್ಳೆಯ ಮಾತೇ. ಆದರೆ ಹುಲ್ಲು ಒಣಗುವುದು ನನ್ನ ಪರೀಕ್ಷೆಗಾಗಲಿ ನಿಮ್ಮ ಸಭೆಗಾಗಲಿ ಕಾಯುವುದಿಲ್ಲವಲ್ಲ.

ನನ್ನ ವಿಷಯ ನಾನೇ ಹೇಳಿಬಿಡುತ್ತೇನೆ, ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದು ಬೇಡ. ನಾನು ಒಂದು ಕಡೆ ಕೂರುವವಳಲ್ಲ. ಶಾಲೆ ಬಿಟ್ಟೆ, ಬೇಕರಿಯಲ್ಲಿ ಒಲೆ ನೋಡಿಕೊಂಡೆ, ಅದನ್ನೂ ಬಿಟ್ಟೆ. ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿದೆ, ಅಲ್ಲಿಂದ ಅವರೇ ಬಿಡಿಸಿದರು. ಮನೆಯಲ್ಲಿ ನನ್ನನ್ನು ಚಡಪಡಿ ಎನ್ನುತ್ತಾರೆ. ಆಮೇಲೆ ಭಾವ ನನ್ನನ್ನು ನಿಮ್ಮ ಇಲಾಖೆಯ ದಿನಗೂಲಿಗೆ ಸೇರಿಸಿದರು. ಹಾಗಾಗಿ ಮುಂದೆ ಹೇಳುವುದು ಕೇಳಿ ತಿಳಿದದ್ದಲ್ಲ, ನಾನಿದ್ದು ಕಂಡದ್ದು.

ನಿಮ್ಮ ಕೋಣೆಯ ಗೋಡೆಯ ಮೇಲೆ 'ಶೂನ್ಯ ಬೆಂಕಿ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಕಟ್ಟು ಹಾಕಿಸಿದ್ದೀರಿ. ಅದರ ಕೆಳಗೆ ನೀವು ಪ್ರಶಸ್ತಿ ಹಿಡಿದು ನಿಂತ ಫೋಟೋ. ನೀವು ಬರುವ ಮುಂಚೆ ಇಲ್ಲಿ ಪ್ರತಿವರ್ಷ ಬೆಂಕಿ ಹಚ್ಚುತ್ತಿದ್ದವರು ಬೇರಾರೂ ಅಲ್ಲ, ನಿಮ್ಮದೇ ಇಲಾಖೆಯ ಆಳುಗಳು. ಹುಲ್ಲು ಮೇಲೆ ಒಣಗಿ ಬುಡ ಇನ್ನೂ ಹಸಿರಾಗಿರುವ ಕೆಲವೇ ವಾರಗಳಲ್ಲಿ, ಸಂಜೆ ಗಾಳಿ ತಗ್ಗಿದ ಮೇಲೆ, ಪಟ್ಟಿ ಪಟ್ಟಿಯಾಗಿ ಸುಡುತ್ತಿದ್ದರು. ಮೊದಲು ಒಂದು ಕಡ್ಡಿ ಕಿತ್ತು ಬೆರಳಲ್ಲಿ ಬಗ್ಗಿಸುವುದು. ಬಗ್ಗಿದರೆ ಹಚ್ಚಬಹುದು, ಲಟಕ್ಕನೆ ಮುರಿದರೆ ಮನೆಗೆ ಹೋಗಬೇಕು. ಕಡ್ಡಿ ಮುರಿದ ಹಾಗೆ ಮಾತಾಡುವುದು ಎನ್ನುತ್ತೇವಲ್ಲ, ಹುಲ್ಲು ನಿಜಕ್ಕೂ ಹಾಗೇ ಮಾತಾಡುತ್ತದೆ. ಆ ಬೆಂಕಿ ಮೊಣಕಾಲಿನೆತ್ತರ ಏಳುತ್ತಿತ್ತು, ಓಡುತ್ತಿತ್ತು, ಸುಟ್ಟ ಪಟ್ಟಿಗೆ ಬಂದು ಸಾಯುತ್ತಿತ್ತು. ನೀವು ಬಂದವರೇ ಅದನ್ನು ನಿಲ್ಲಿಸಿದಿರಿ. ಬೆಂಕಿ ಎಂದರೆ ನಾಶ ಎಂದು ಬೋರ್ಡು ನಿಲ್ಲಿಸಿದಿರಿ.

ಆದರೆ ಬೆಂಕಿಯಿಂದಲೇ ಬದುಕುವ ಒಂದು ಗಿಡ ನಿಮ್ಮ ಹುಲ್ಲುಗಾವಲಿನಲ್ಲಿದೆ. ಆಳುಗಳು ಅದನ್ನು ಬೂದಿಹುರುಳಿ ಎನ್ನುತ್ತಾರೆ. ಗೇಣುದ್ದದ ಕಾಡು ಗಿಡ, ಒಂದು ತೊಟ್ಟಿಗೆ ಮೂರು ಎಲೆ, ಸಂಜೆಯಾದರೆ ಎಲೆಗಳು ಕೈಮುಗಿದಂತೆ ಮಡಚಿಕೊಳ್ಳುತ್ತವೆ. ಹೂವು ನೇರಳೆ: ಬಾವುಟದಂತೆ ನಿಂತ ಒಂದು ದೊಡ್ಡ ಎಸಳು, ಎರಡು ರೆಕ್ಕೆ, ನಡುವೆ ಪುಟ್ಟ ದೋಣಿ. ಕಾಯಿ ಬಲಿತು ಬಿಸಿಲಿಗೆ ಒಣಗಿದರೆ ಚಟ್ಟೆಂದು ಸಿಡಿದು ತಿರುಚಿಕೊಳ್ಳುತ್ತದೆ, ಕಾಳು ಮಾರುದೂರ ಹಾರುತ್ತದೆ. ನೋಡಲು ಇಷ್ಟೇ. ಅದರ ನಿಜವಾದ ಮೈ ಇರುವುದು ನೆಲದೊಳಗೆ. ಅಲ್ಲಿ ಮುಷ್ಟಿಗಾತ್ರದ ಮರದಂಥ ಗಡ್ಡೆಯಿದೆ. ಮೇಲಿನ ಕಡ್ಡಿ ಸುಟ್ಟು ಹೋದರೂ ಗಡ್ಡೆಗೆ ತಿಳಿಯುವುದೇ ಇಲ್ಲ. ಬೂದಿ ಆರಿದ ಕೆಲವು ವಾರಗಳಲ್ಲಿ, ಹುಲ್ಲು ಮತ್ತೆ ಎದ್ದು ನೆರಳು ಹಾಕುವ ಮುಂಚೆ, ಅದು ಚಿಗುರಿ ಹೂಬಿಟ್ಟು ಕಾಳು ಕಟ್ಟಿ ಮುಗಿಸುತ್ತದೆ. ಹುಲ್ಲು ಉರಿದಾಗ ನೆಲದ ಸಾರಜನಕ ಹೊಗೆಯಾಗಿ ಹೋಗುತ್ತದೆ. ಈ ಗಿಡದ ಬೇರಿನ ಗಂಟುಗಳು ಅದನ್ನು ಗಾಳಿಯಿಂದ ಹಿಡಿದು ಮತ್ತೆ ನೆಲಕ್ಕೆ ತುಂಬುತ್ತವೆ.

ಇದನ್ನೆಲ್ಲ ನಾನು ಹುಟ್ಟುತ್ತಲೇ ತಿಳಿದು ಬಂದವಳಲ್ಲ. ಸಸ್ಯಶಾಸ್ತ್ರದ ಮೇಡಂ ಒಬ್ಬರು ಇಲ್ಲಿ ಅಧ್ಯಯನಕ್ಕೆ ಬಂದಿದ್ದರು, ಅವರ ಚೀಲ ಹೊರಲು ನನ್ನನ್ನು ಕೊಟ್ಟಿದ್ದಿರಿ. ನನ್ನ ಪ್ರಶ್ನೆಗಳಿಗೆ ಅವರು ಬೇಸರಿಸದೆ ಉತ್ತರಿಸಿದರು. ಒಂದು ಹಿಡಿ ಕಾಳು ಕೊಟ್ಟು ಮೊಳಕೆ ಬರಿಸಿ ನೋಡು ಎಂದರು. ಒದ್ದೆ ಬಟ್ಟೆಯಲ್ಲಿ ಕಟ್ಟಿ ದಿನವೂ ನೀರು ಚಿಮುಕಿಸಿದೆ, ಕಾಳು ಜಪ್ಪಯ್ಯ ಎನ್ನಲಿಲ್ಲ. ಕಾಳು ಸತ್ತಿವೆ ಎಂದು ಹೋಗಿ ಹೇಳಿದೆ. "ಸತ್ತಿಲ್ಲ ಮಗಳೇ, ಬಾಗಿಲು ಹಾಕ್ಕೊಂಡಿವೆ. ಸ್ವಲ್ಪ ಬಿಸಿ ತೋರಿಸು," ಎಂದರು. ಅಕ್ಕನ ಅಡುಗೆಮನೆಗೆ ನುಗ್ಗಿ ಬಾಣಲೆ ಇಟ್ಟೆ.

"ಏನೇ ಅದು, ನನ್ನ ಬಾಣಲೇಲಿ ಕಾಡು ಕಾಳು ಹುರೀತಿದ್ದೀಯಾ?" ಎಂದಳು ಅಕ್ಕ.

"ಹುರೀತಿಲ್ಲ ಕಣೇ, ಎಬ್ಬಿಸ್ತಾ ಇದ್ದೀನಿ."

"ನಿನ್ನನ್ನ ಬೆಳಿಗ್ಗೆ ಎಬ್ಬಿಸೋಕೂ ಹೀಗೇ ಮಾಡ್ಬೇಕು."

ಕೆಲವು ಕಾಳುಗಳನ್ನು ಒಂದೆರಡು ನಿಮಿಷ ಬಿಸಿಮಾಡಿ ತೆಗೆದೆ. ಉಳಿದವನ್ನು, ಮಾತಿನ ಭರಾಟೆಯಲ್ಲಿ, ಬಾಣಲೆಯಲ್ಲೇ ಬಿಟ್ಟೆ. ಬೇಗ ತೆಗೆದವು ನೀರು ಕುಡಿದು ಉಬ್ಬಿ ಮೊಳೆತವು. ತಡವಾದವು ಕರಕಲಾದವು. ಕಾಳು ಅದೇ, ಬಾಣಲೆ ಅದೇ. ಬೆಂಕಿ ಎಷ್ಟು ಹೊತ್ತು ನಿಂತಿತು ಎನ್ನುವುದಷ್ಟೇ ಬೇರೆ. ಮಾನ್ಯರೇ, ಈ ಪತ್ರದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ಈಗ ಕಳೆಯ ವಿಷಯ. ನಿಮ್ಮ ನಿಷೇಧದ ಮೊದಲ ವರ್ಷವೇ ವಿದ್ಯುತ್ ತಂತಿಯ ಕಿಡಿ ಬಿದ್ದು ಒಂದು ಮೂಲೆ ಉರಿಯಿತು. ಹಿಂದಿನ ವರ್ಷವಷ್ಟೇ ಸುಟ್ಟ ಜಾಗವಾದ್ದರಿಂದ ಹುಲ್ಲು ತೆಳುವಾಗಿತ್ತು, ಆಳುಗಳು ಒದ್ದೆ ಗೋಣಿಚೀಲದಿಂದ ಬಡಿದು ಆರಿಸಿದರು. ಅದು ನಿಮ್ಮ ವರದಿಗೆ ಏರಲಿಲ್ಲ, ಏರಿದರೆ ಶೂನ್ಯ ಶೂನ್ಯವಾಗಿ ಉಳಿಯುತ್ತಿರಲಿಲ್ಲ. ಆದರೆ ಬೂದಿಹುರುಳಿಗೆ ಇದನ್ನು ಯಾರೂ ತಿಳಿಸಿರಲಿಲ್ಲ. ಎಲ್ಲೆಲ್ಲಿ ಉರಿದಿತ್ತೋ ಅಲ್ಲಲ್ಲಿ ಮಾತ್ರ, ಯಾರೋ ಗೆರೆ ಎಳೆದು ಬಣ್ಣ ತುಂಬಿದ ಹಾಗೆ, ನೇರಳೆ ಹೂ ಹಾಸಿಬಿಟ್ಟಿತು. ಮೇಲಿನಿಂದ ತಪಾಸಣೆಯವರು ಬರುವವರಿದ್ದರು. ನೀವು ಜೀಪಿನಿಂದ ಇಳಿಯದೆ ಹೂವನ್ನು ಒಮ್ಮೆ ನೋಡಿ, "ಆ ಕಳೆ ತೆಗೆಸಿಬಿಡಿ," ಎಂದಿರಿ. ಅದನ್ನು ಕಿತ್ತವರಲ್ಲಿ ನಾನೂ ಇದ್ದೆ, ಭಾವನೂ ಇದ್ದರು. ಕೀಳುತ್ತಾ ಭಾವ ಒಂದೇ ಮಾತು ಹೇಳಿದರು: "ಸಾಹೇಬರು ಹೇಳಿದ್ದು ಸರಿ ಕಣೇ ಚಡಪಡಿ. ಇದಿದ್ದರೇನೇ ಈ ನೆಲಕ್ಕೆ ಕಳೆ."

ನಮ್ಮ ಭಾಷೆಗೆ ಕುಚೋದ್ಯ ಜಾಸ್ತಿ. ಹೊಲದಲ್ಲಿ ಬೇಡದ್ದು ಬೆಳೆದರೂ ಕಳೆ, ಮುಖ ಬೆಳಗಿದರೂ ಕಳೆ. ನೀವು ಯಾವುದನ್ನು ತೆಗೆಸಿದಿರಿ ಎಂದು ಆಗ ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಈಗ ಹೋಗಿ ನೋಡಿ. ಮೂರು ವರ್ಷದಿಂದ ಹೂವಿಲ್ಲ. ಗಡ್ಡೆಗಳು ಸತ್ತಿಲ್ಲ, ಹುಲ್ಲಿನ ಕೆಳಗೆ ಬಿಸಿಲು ಕಾಣದೆ ಒಂದೆರಡು ಬಿಳಿಚಿದ ಎಲೆ ಹಿಡಿದುಕೊಂಡು ಕಾಯುತ್ತಿವೆ. ನಿಮಗೆ ಅದು ನೆಮ್ಮದಿ ಇರಬಹುದು, ಸಾಕ್ಷಿ ಹೇಳುವ ಗಿಡ ಬಾಯಿ ಮುಚ್ಚಿತಲ್ಲ ಎಂದು. ನನಗೆ ಆ ಮೌನ ಹೆದರಿಕೆ ಹುಟ್ಟಿಸುತ್ತದೆ. ಬೂದಿಹುರುಳಿ ಕಾಣದ ಜಾಗವೆಂದರೆ ಬಹಳ ಕಾಲದಿಂದ ಉರಿಯದ ಜಾಗ, ಅಂದರೆ ಇನ್ನು ಉರಿದರೆ ನಿಲ್ಲದ ಜಾಗ. ಇಂದು ಇಡೀ ಹುಲ್ಲುಗಾವಲು ಹಾಗಿದೆ. ಬೇಗ ಓಡಿಹೋಗುವ ಬೆಂಕಿ ಕಾಳಿನ ಬಾಗಿಲು ತೆರೆಯುತ್ತದೆ, ಗಡ್ಡೆಯನ್ನು ಮುಟ್ಟುವುದಿಲ್ಲ. ನಾಲ್ಕು ವರ್ಷದ ಹುಲ್ಲು ಹೊತ್ತಿದರೆ ಅದು ಓಡುವುದೂ ಹೌದು, ನಿಂತು ಉರಿಯುವುದೂ ಹೌದು. ಕಾಳು, ಗಡ್ಡೆ, ಹುಳುಹುಪ್ಪಟೆ, ಏನೂ ಉಳಿಯುವುದಿಲ್ಲ. ಮೇಡಂ ಇದನ್ನು ನಿಮ್ಮ ಸಭೆಯಲ್ಲೇ, ನಿಮ್ಮ ಎದುರೇ ಹೇಳಿದರು. ಚಹಾ ತಟ್ಟೆ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. "ಬೆಂಕಿಯೇ ಇಲ್ಲ ಎಂದ ಮೇಲೆ ಬೆಂಕಿಯ ಗಿಡದ ಚಿಂತೆ ಯಾಕೆ ಮೇಡಂ?" ಎಂದಿರಿ. ಎಲ್ಲರೂ ನಕ್ಕರು. ನಿಮ್ಮ ಕಚೇರಿಯಲ್ಲಿ ಹಾಸ್ಯಕ್ಕೆ ಬರವಿಲ್ಲ, ಒಪ್ಪುತ್ತೇನೆ. ಆದರೆ ಬೆಂಕಿ ಇಲ್ಲ ಎಂದು ಬೆಂಕಿಗೆ ಯಾರು ಹೇಳುತ್ತಾರೆ? ಆ ತಂತಿ ಅದೇ ಕಂಬಗಳ ಮೇಲೆ, ಅದೇ ಹುಲ್ಲಿನ ಮೇಲೆ, ಇನ್ನೂ ಜೋತಾಡುತ್ತಿದೆ.

ಹೋದ ವಾರ ಭಾವನಿಗೆ ಬುತ್ತಿ ಕೊಡಲು ಹೋಗಿದ್ದೆ. ಗೋಪುರಕ್ಕೆ ಇರುವುದು ಒಂದೇ ಕಾಲುದಾರಿ, ಅದೂ ಈಗ ಹುಲ್ಲಿನೊಳಗೆ ಮುಳುಗಿದೆ. ಹೆಜ್ಜೆ ಇಟ್ಟಲ್ಲೆಲ್ಲ ಕೆಳಗಿನ ಹಳೆಯ ಹುಲ್ಲು ಹಪ್ಪಳದಂತೆ ಪುಡಿಯಾಗುತ್ತಿತ್ತು. ಹಕ್ಕಿಯ ಸದ್ದಿಲ್ಲ. ಗಾಳಿ ಬಂದಾಗ ಇಡೀ ಬಯಲು ಒಂದೇ ಸಲ ಉಸಿರೆಳೆದಂತೆ ಕೇಳುತ್ತದೆ, ಆಮೇಲೆ ಅದು ಉಸಿರು ಬಿಡುವುದನ್ನೇ ಕಾಯಬೇಕಾಗುತ್ತದೆ. ಗೋಪುರದ ಕಬ್ಬಿಣದ ಮೆಟ್ಟಿಲು ಅಂಗೈ ಸುಡುವಷ್ಟು ಕಾದಿತ್ತು. ಮೇಲೆ ಒಂದು ಸ್ಟೂಲು, ಒಂದು ಕೊಡ ನೀರು, ದುರ್ಬೀನು, ಒಂದು ಹೇಳಿದರೆ ಇನ್ನೊಂದು ಕೇಳಿಸುವ ನಿಮ್ಮ ವೈರ್‌ಲೆಸ್. ಭಾವ ತೆಳ್ಳಗಾಗಿದ್ದರು.

"ಬೆಂಕಿ ಕಂಡ್ರೆ ಏನ್ ಮಾಡ್ತೀರಾ ಭಾವ?" ಎಂದು ಕೇಳಿದೆ.

"ತಿಳಿಸ್ತೀನಿ."

"ತಿಳಿಸಿದ ಮೇಲೆ?"

ಅವರು ಬುತ್ತಿಯ ಮುಚ್ಚಳ ತೆಗೆದರು. "ಉಪ್ಪು ಸರಿಯಾಗಿದೆ. ನಿಮ್ಮಕ್ಕನಿಗೆ ಹೇಳು."

"ಇಳಿದು ಬಂದುಬಿಡಿ. ಕೆಲಸ ಹೋದ್ರೆ ಹೋಗ್ಲಿ."

"ನಾನಿಳಿದ್ರೆ ಇನ್ನೊಬ್ಬನ್ನ ಹತ್ತಿಸ್ತಾರೆ. ಅವನಿಗೂ ಒಬ್ಬಳು ಹೆಂಡತಿ ಇರ್ತಾಳೆ, ಒಬ್ಬಳು ಬಾಯಿಬಡುಕಿ ನಾದಿನಿ ಇರ್ತಾಳೆ." ನಕ್ಕರು. ಆಮೇಲೆ ದೂರದ ತಂತಿಯ ಕಡೆ ನೋಡುತ್ತಾ ಕೂತರು. ಅವರು ಉಣ್ಣುವಾಗಲೂ ಆ ಕಡೆಗೇ ಮುಖ ಮಾಡಿ ಉಣ್ಣುತ್ತಾರೆ.

ಕೆಳಗಿಳಿದ ಮೇಲೆ ಗೋಪುರದ ಕಾಲಿನ ಹತ್ತಿರ ಒಂದು ಕಡ್ಡಿ ಕಿತ್ತು ಬಗ್ಗಿಸಿ ನೋಡಿದೆ. ಬಗ್ಗಿತು, ಆದರೆ ಮನಸ್ಸಿಲ್ಲದೆ ಬಗ್ಗಿತು. ಇನ್ನು ಹೆಚ್ಚು ದಿನ ಬಗ್ಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ನಿಮ್ಮ ಇಲಾಖೆಯಲ್ಲಿ ಪಟ್ಟಿ ಸುಡಲು ಬಲ್ಲ ಹಳೆಯ ಆಳುಗಳು ಇನ್ನೂ ಇದ್ದಾರೆ, ನರ್ಸರಿಯಲ್ಲಿ ಕುಂಡಗಳಿಗೆ ನೀರು ಹಾಕಿಸುತ್ತಿದ್ದೀರಿ. ಅವರನ್ನು ಕಳಿಸಿ. ಮೊದಲು ಗೋಪುರದ ಸುತ್ತ ಕೊಯ್ದು ಸುಟ್ಟು ಬಯಲು ಮಾಡಿಸಿ, ಆಮೇಲೆ ತಂತಿಯ ಕೆಳಗೆ, ಆಮೇಲೆ ಪಟ್ಟಿ ಪಟ್ಟಿಯಾಗಿ ಉಳಿದದ್ದು. ಅದಾಗುವ ತನಕ ಕಾವಲುಗಾರನನ್ನು ಕೆಳಗಿಳಿಸಿ, ಇನ್ನೊಬ್ಬನನ್ನು ಹತ್ತಿಸಬೇಡಿ. ನಿಮ್ಮ ಶೂನ್ಯಕ್ಕೆ ಧಕ್ಕೆಯಾಗುತ್ತದೆ, ನಿಜ. ಧಕ್ಕೆಯಾದರೆ ಕಟ್ಟು ಹಾಕಿಸಿದ ಒಂದು ಬರಹ ಗೋಡೆಯಿಂದ ಇಳಿಯುತ್ತದೆ. ಆಗದಿದ್ದರೆ ಏನು ಇಳಿಯುತ್ತದೆ, ಅದನ್ನು ಯಾರು ಹೊತ್ತು ತರಬೇಕು, ಅಕ್ಕನಿಗೆ ಯಾರು ಹೇಳಬೇಕು?

ಈ ಪತ್ರ ಭಾನುವಾರದ ಪತ್ರಿಕೆಯಲ್ಲಿ ಬರುತ್ತದೆ ಎಂದಿದ್ದಾರೆ. ಬುಧವಾರದ ತನಕ ಕಾಯುತ್ತೇನೆ. ನಿಮ್ಮ ಆಳುಗಳು ಬರದಿದ್ದರೆ ಅಂದು ಹಗಲು ಗೋಪುರದ ಸುತ್ತ ನಾನೇ ಕುಡುಗೋಲು ಹಿಡಿದು ನೆಲ ಕಾಣುವ ತನಕ ಒಂದು ಸುತ್ತು ಕೊಯ್ಯುತ್ತೇನೆ. ಸಂಜೆ ಗಾಳಿ ತಗ್ಗಿದ ಮೇಲೆ ಆ ಸುತ್ತಿನೊಳಗೆ ಉಳಿದ ಹುಲ್ಲಿಗೆ ಬೆಂಕಿ ಇಡುತ್ತೇನೆ. ಕೊಯ್ಯುವುದೂ ಅಪರಾಧ, ಸುಡುವುದೂ ಅಪರಾಧ. ಎರಡನ್ನೂ ಮೊದಲೇ ಹೇಳಿ ಮಾಡುತ್ತಿದ್ದೇನೆ. ಮನೆಯಲ್ಲೂ ಹೇಳಿದ್ದೇನೆ. ಗಸ್ತಿನವರೊಬ್ಬರ ಸೆಟ್ಟು ಬೇಡಿ ತಂದು ಭಾವನಿಗೂ ಹೇಳಿದೆ. ಭಾವ ವೈರ್‌ಲೆಸ್‌ನಲ್ಲಿ ಸಿಟ್ಟಾದರು: "ನೀನು ಹಚ್ಚಿದ್ರೆ ನಾನೇ ವರದಿ ಮಾಡ್ಬೇಕಾಗುತ್ತೆ, ಗೊತ್ತಾ?" ಅಕ್ಕ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಹೇಳಿದಳು: "ಮಾಡಿ. ವರದಿ ಮಾಡೋಕೆ ನೀವಿರ್ತೀರಲ್ಲ, ಅಷ್ಟು ಸಾಕು."

ನಾನು ಇದರಲ್ಲಿ ಪಳಗಿದವಳಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಪಟ್ಟಿ ಸುಡುವುದನ್ನು ನೋಡಿದ್ದೇನೆ, ಒಬ್ಬಳೇ ಸುಟ್ಟಿಲ್ಲ. ಇಷ್ಟು ಹುಲ್ಲಿನಲ್ಲಿ ಯಾರೂ ಸುಟ್ಟಿಲ್ಲ. ಗಾಳಿ ತಿರುಗಿದರೆ, ನನ್ನ ಸುತ್ತು ಕಿರಿದಾದರೆ, ನೀವು ನಾಲ್ಕು ವರ್ಷ ಕೂಡಿಟ್ಟ ಬೆಂಕಿಯನ್ನು ಹಚ್ಚಿದವಳು ನಾನೇ ಆಗುತ್ತೇನೆ, ಭಾವ ಅದರ ಮೇಲೆ ಇರುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ನನ್ನನ್ನು ಹಿಡಿಯಲು ಪೊಲೀಸರನ್ನು ಕಳಿಸುವುದಾದರೆ ಕಳಿಸಿ, ನಾನು ಅಲ್ಲೇ ಇರುತ್ತೇನೆ. ಆದರೆ ಅವರ ಕೈಯಲ್ಲಿ ಬೇಡಿಯ ಜೊತೆ ಒದ್ದೆ ಗೋಣಿಚೀಲವನ್ನೂ ಕೊಟ್ಟು ಕಳಿಸಿ. ಬೆಳಕಿರುವಾಗಲೇ ಕಳಿಸಿ.

ಇಂತಿ,
ಓಡಿಹೋಗುವ ಉದ್ದೇಶವಿಲ್ಲದ,
ನಿಮ್ಮ ಕಾವಲುಗಾರನ ಬಾಯಿಬಡುಕಿ ನಾದಿನಿ