ತಾತ ಕೇಳಿದ್ದು ದಾವ

ಪುರವರ
17-2-2025, ಸೋಮವಾರ

ಗಡಿ ಕಾಯುವ ವೀರವನಿತೆ, ನನ್ನ ಪ್ರೀತಿಯ ಚಿತ್ರಕ್ಕನ ಪಾದಗಳಿಗೆ (ಬೂಟು ಬಿಚ್ಚಿದ ಮೇಲೆ) ತಮ್ಮ ಲಕ್ಷ್ಮೀಪತಿಯ ನಮಸ್ಕಾರ.

ಹೆಂಗಿದ್ದೀಯ? ಅಸ್ಸಾಮಿನ ಚಳಿಗೆ ಮೂಗು ಇನ್ನೂ ಸೋರ್ತಾ ಇದೆಯಾ? ರಜೆ ಸಿಗಲಿಲ್ಲ ಅಂತ ನೀನು ಫೋನಲ್ಲಿ ಅತ್ತಿದ್ದು ಕೇಳಿ ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈಗ ಪರವಾಗಿಲ್ಲ. ತಾತನ ಕೊನೇ ಗಳಿಗೆ ಹೆಂಗಿತ್ತು ಅಂತ ಕೇಳಿದ್ದೆಯಲ್ಲ, ಆಗ ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಅದಕ್ಕೇ ಈ ಕಾಗದ.

ಈ ಸಲ ಕಾಲೇಜಲ್ಲಿ ನಂಗೆ ಗ್ರೀಕರ, ಚೀನೀಯರ ತತ್ವಶಾಸ್ತ್ರದ ಪೇಪರ್ ಇದೆ. (ಸುಲಭ ಅಂದೋನು ನನ್ನ ಕ್ಲಾಸಿನ ನದೀಮ್. ಅವನು ಮಾತ್ರ ತಗೊಳ್ಳಲಿಲ್ಲ.) ಲಕ್ವ ಹೊಡೆದು ಮಂಚ ಹಿಡಿದ ತಾತನೊಬ್ಬನೇ ನನ್ನ ಶಿಷ್ಯಕೋಟಿ. ಹೆಗಲಿಗೆ ಟವೆಲು ಹೊದ್ದು ಸ್ವಾಮಿಗಳ ದನಿಯಲ್ಲಿ ನೋಟ್ಸು ಓದ್ತಿದ್ದೆ. ಗ್ರೀಕರು ಉಸಿರಿಗೂ ಆತ್ಮಕ್ಕೂ ‘ಪ್ಸೂಖೆ’ ಅಂತ ಒಂದೇ ಮಾತು ಬಳಸ್ತಿದ್ರು, ಚೀನಾದೋರು ಪ್ರಾಣಶಕ್ತಿಗೆ ‘ಛೀ’ ಅಂತಾರೆ ಅಂದೆ. ತಾತ ಸೊಟ್ಟ ಬಾಯಲ್ಲೇ, “ಅಂಗಾರೆ ನಿಮ್ಮಜ್ಜಿ ಮದ್ವೆಯಾದಾಗ್ಲಿಂದ ನಂಗೆ ಪ್ರಾಣ ತುಂಬ್ತಾನೇ ಅವ್ಳೆ ಕಣ್ಲಾ” ಅಂದ. ಅವನು ಪೂರ್ತಿಯಾಗಿ ಆಡಿದ ಕೊನೇ ಮಾತು ಅದು. ಆಮೇಲೆಲ್ಲ ತುಂಡು ಮಾತು, ಅದೂ ಹುಟ್ಟೂರು ಬಲಸಮುದ್ರದ್ದು, ಅರ್ಧ ತೆಲುಗು.

ಬುಧವಾರ ಮಧ್ಯಾಹ್ನ ಅಪ್ಪ, ಅವ್ವ ಕುರಿ ಹಿಂದೆ ಹೋಗಿದ್ರು. ಅಜ್ಜಿ ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತೋಕೆ ಹೋಗಿದ್ದಳು. ಅವತ್ತಿನ ಪಾಠ ‘ದಾವ್’. ಹಂಗಂದ್ರೆ ಚೀನೀಯರ ಮಾತಲ್ಲಿ ದಾರಿ, ಲೋಕವೆಲ್ಲ ತಂತಾನೇ ಹರಿಯುವ ದಾರಿ. ತಾತ “ದಾವ...” ಅಂದ. ಶಿಷ್ಯ ಪಾಠ ಒಪ್ಪಿಸ್ತಾನೆ ಅಂತ ಹಿಗ್ಗಿದೆ. ಮತ್ತೆ “ದಾವ, ದಾವ” ಅಂದ. ನಾನು ಕೈಯೆತ್ತಿ ಆಶೀರ್ವಾದ ಮಾಡಿ, “ವತ್ಸಾ, ದಾವ್ ಕೇಳಿದ್ರೆ ಸಿಗೋದಲ್ಲ. ಸುಮ್ನಿರೋದು ಕಲಿ, ತಾನಾಗೇ ಬರ್ತದೆ” ಅಂದೆ. ಅವನು ಕಿಟಕಿ ಕಡೆ ನೋಡ್ತಿದ್ದ. ಕಿಟಕೀಲಿ ನೀರಿನ ಚೊಂಬು ಇತ್ತು ಅಕ್ಕಾ. ಆಮೇಲೆ ಸುಮ್ಮನಾದ. ಪಾಠ ಹತ್ತಿತು ಅಂದ್ಕೊಂಡು ಪುಟ ತಿರುವಿದೆ.

ಅಜ್ಜಿ ಬಂದು ಮೈ ಮುಟ್ಟಿ ನೋಡಿದಳು. ಅಳೋಕೆ ಮುಂಚೆ ಕೇಳಿದ್ದು ಒಂದೇ: “ಬಾಯಿಗೆ ನೀರು ಬುಟ್ಟೇನ್ಲಾ?” ಹೂಂ, ಎರಡು ಗುಟುಕು ಕುಡಿದ ಅಂದೆ. ನಾನು ನಿಜ ಹೇಳಿದ್ರೂ ಈ ಮನೇಲಿ ನಗ್ತಾರೆ. ಈ ಸುಳ್ಳನ್ನ ಮಾತ್ರ ಎಲ್ಲರೂ ನಂಬಿದ್ರು.

ಮಣ್ಣಿಗೆ ಬಂದಿದ್ದ ಪೆದ್ದಮ್ಮ, ತಾತನ ತಂಗಿ, ಬಲಸಮುದ್ರದಿಂದ ಬಿಸಿಲಲ್ಲಿ ಬಂದವಳು ಜಗಲಿ ಮೇಲೆ ಕುಸಿದು, “ದಾವ ಆಯ್ತೈತೆ, ಒಂಚೂರು ನೀರ್ ಕೊಡಪ್ಪಾ” ಅಂದಳು. ನಮ್ಮನೇಲಿ ಬಾಯಾರಿಕೆಗೆ ಯಾರೂ ಹಂಗನ್ನಲ್ಲ. ಕಿಟಕೀಲಿದ್ದ ಅದೇ ಚೊಂಬು ತಂದು ಕೊಟ್ಟೆ.

ನೋಟ್ಸಿನ ಮುಂದಿನ ಪುಟದಲ್ಲಿ ಗ್ರೀಕರ ನಂಬಿಕೆ ಇದೆ. ಸತ್ತವರ ಜೀವ ಬಾಯಾರಿಕೊಂಡೇ ಆ ಲೋಕ ಸೇರ್ತದಂತೆ. ನೆನಪಿನ ಕೊಳಕ್ಕೆ ಕಾವಲು ಇರ್ತಾರಂತೆ, ನೀರು ಕೇಳಿ ಕುಡೀಬೇಕಂತೆ. ತಾತ ಅಲ್ಲೂ ದಾವ ಅಂತಾನೆ. ಕಾವಲಿನೋರೂ ನನ್ನಂಥ ಬುದ್ಧಿವಂತರಾಗಿದ್ರೆ?

ಶನಿವಾರ ಹನ್ನೊಂದನೇ ದಿನದ ಕಾರ್ಯ. ಸಮಾಧಿಗೆ ನೀರು ಬಿಡೋನು ನಾನೇ ಆಗಬೇಕಂತೆ. ನನ್ನ ಕೈನೀರು ಕುಡಿದು ತಣ್ಣಗೆ ಹೋದ ಅಂತ ಅಜ್ಜಿ ಬಂದೋರಿಗೆಲ್ಲ ಹೇಳ್ತಾ ಇದ್ದಾಳೆ.

ಹುಷಾರಾಗಿರು. ಅಜ್ಜಿ, ಅಪ್ಪ, ಅವ್ವ ನಿನ್ನ ನೆನೀತಾರೆ.

ನಿನ್ನ ತಮ್ಮ,
ಲಕ್ಷ್ಮೀಪತಿ

ಕಾಗದ ಮಡಚಿದ ಮೇಲೆ: ಶನಿವಾರಕ್ಕೆ ಮುಂಚೆ ಅಜ್ಜಿಗೆ ನಿಜ ಹೇಳ್ತೀನಿ. ಇದು ನಿನ್ನ ಕೈ ಸೇರೋ ಹೊತ್ತಿಗೆ ಹೇಳಿರ್ತೀನಿ. ಅವಳು ನಿಂಗೆ ಫೋನ್ ಮಾಡಿ, “ನಿನ್ ತಮ್ಮ ಇಂಗಂತಾನಲ್ಲೇ, ತಮಾಸೆಗೆ ತಾನೆ?” ಅಂತ ಕೇಳೇ ಕೇಳ್ತಾಳೆ. ದಯವಿಟ್ಟು ಹೂಂ ಅನ್ನಬೇಡ.