ಒಡಪಿನೊಳಗಿನ ಹೆಸರು

ಪರೇಲ್, ಮುಂಬಯಿ
ತಾ. ೨೦-೧೧-೧೯೭೩

ಪ್ರೀತಿಯ ರುಕ್ಮಿಣಿ,

ಬೈಯುವುದಿದ್ದರೆ ಮೊದಲೇ ಬೈದು ಮುಗಿಸು, ಆಮೇಲೆ ಕೂತು ಓದು. ದೀಪಾವಳಿಗೆ ನೀನು ಬರೆದ ಕಾಗದವನ್ನು ಖಾನಾವಳಿಯ ಉಪ್ಪಿನ ಡಬ್ಬಿಯ ಹಿಂದೆ ಇಟ್ಟುಕೊಂಡು, ನಾಳೆ ಬರೆದೇನು, ನಾಡಿದ್ದು ಬರೆದೇನು ಎನ್ನುತ್ತ ಇಷ್ಟು ದಿನ ತಳ್ಳಿದೆ. ನಿನ್ನ ಮೊಣಕಾಲು ನೋವು ಹೇಗಿದೆ? ಶಾಲೆಯಲ್ಲಿ ಇನ್ನೂ ನಿಂತುಕೊಂಡೇ ಪಾಠ ಹೇಳುತ್ತೀಯಾ? ಇಂಡಿ ಊರಿನ ಶಾಲೆಯಲ್ಲೂ ಮಾಸ್ತರರಿಗೆ ಕುರ್ಚಿ ಕೊಟ್ಟಿರುವುದು ಕೂರುವುದಕ್ಕೇ, ನಮ್ಮವ್ವಾ.

ನಾನು ಗಟ್ಟಿಯಾಗಿದ್ದೇನೆ. ಗಟ್ಟಿ ಏನು ಬಂತು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಿನ್ನ ಗೆಳತಿ ಸಿನಿಮಾದಲ್ಲಿ ಬಂದಿದ್ದಾಳೆ! ನಗಬೇಡ. ನಾನೊಬ್ಬಳೇ ಅಲ್ಲ, ಒಂದು ಲೆಕ್ಕದಲ್ಲಿ ನೀನೂ ಬಂದಿದ್ದೀಯ. ಹೇಗೆಂದು ಹೇಳುತ್ತೇನೆ, ತಾಳು.

ನಮ್ಮಲ್ಲಿ ಎರಡು ಹೊತ್ತು ಊಟ ಮಾಡುವ ಚಂದ್ರಾಮ ಅಂತ ಒಬ್ಬನಿದ್ದಾನೆ. ಸಿಂದಗಿ ಕಡೆಯವ, ಮಿಲ್ಲಿನ ಆಫೀಸಿನಲ್ಲಿ ಕಾರಕೂನ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿರುತ್ತಾನೆ. ಅವನಿಗೆ ಸಿನಿಮಾದ ಹುಚ್ಚು. ನೋಡುವ ಹುಚ್ಚು ಎಲ್ಲರಿಗೂ ಇರುತ್ತದೆ, ಇವನದು ತೆಗೆಯುವ ಹುಚ್ಚು. ರಾತ್ರಿ ಪಾಳಿಗೆ ಹೋದ ಒಬ್ಬ ಕೂಲಿಕಾರ ಮನೆಗೆ ಬರುವುದಿಲ್ಲ, ಹೆಂಡತಿ ಮುಂಬಯಿಯೆಲ್ಲ ಹುಡುಕುತ್ತಾಳೆ. ಇಷ್ಟೇ ಕಥೆ. ಹಾಡಿಲ್ಲ, ಕುಣಿತವಿಲ್ಲ. ಹೆಸರು ‘ಮೂರನೇ ಪಾಳಿ’. ಹಣ ಎಲ್ಲಿಂದ ತಂದ ಎಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ.

ಗಂಡನ ಪಾತ್ರಕ್ಕೆ ಮಗ್ಗದ ಖಾತೆಯ ಸಾಯಬಣ್ಣ ಸಿಕ್ಕ. ಹೆಂಡತಿಯ ಪಾತ್ರಕ್ಕೆ ನಾಟಕ ಕಂಪನಿಯ ಒಬ್ಬಾಕೆಯನ್ನು ಗೊತ್ತು ಮಾಡಿದ್ದರು. ಆಕೆ ಬಂದಳು, ನಮ್ಮ ಚಾಳಿನ ನಳದ ಮುಂದಿನ ಜಗಳ ನೋಡಿದಳು, ಬಂದ ಲೋಕಲ್‌ನಲ್ಲೇ ತಿರುಗಿ ಹೋದಳು. ಅಂದು ಮಧ್ಯಾಹ್ನ ಚಂದ್ರಾಮ ಅನ್ನ ಕಲಸುತ್ತಲೇ ಕೂತಿದ್ದ, ತುತ್ತು ಬಾಯಿಗೆ ಹೋಗಲಿಲ್ಲ. ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದ. ಖಾನಾವಳಿಗೆ ಬರುವವರಿಗೆಲ್ಲ ನಾನು ಮೌಶಿ, ಚಿಕ್ಕವ್ವ.

“ಮೌಶಿ, ನೀವ ಮಾಡ್ರಿ.”

“ಏನ್ ಮಾಡ್ಲೋ? ಇನ್ನೊಂದ್ ರೊಟ್ಟಿ?”

“ಪಾರ್ಟು.”

ಸೌಟು ಎತ್ತಿ ತೋರಿಸಿದೆ. ಆದರೆ ಒಳಗೊಳಗೇ ಹಿಗ್ಗಿದೆ, ರುಕ್ಮಿಣಿ, ನಾವಿಬ್ಬರೂ ಏಳನೇತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ದಿನ ಹಿಗ್ಗಿದ ಹಾಗೆ. ಗಂಡನನ್ನು ಹುಡುಕುವ ಹೆಂಗಸಿನ ಪಾರ್ಟು ನನಗೆ ಯಾರು ಹೇಳಿಕೊಡಬೇಕು? ಊರಿಗೆ ಹೋಗಿ ಬರುತ್ತೇನೆಂದು ಅವರು ಚೀಲ ಹಿಡಿದು ಹೊರಟು ಒಂಬತ್ತು ವರ್ಷವಾಯಿತು. ಊರನ್ನೂ ಮುಟ್ಟಲಿಲ್ಲ, ಇಲ್ಲಿಗೂ ಬರಲಿಲ್ಲ. ನಾನಿನ್ನೂ ಮನೆಯ ಬಾಗಿಲಿಗೆ ಕೀಲಿ ಹಾಕುವುದಿಲ್ಲ ಎಂದು ಪಕ್ಕದ ಖೋಲಿಯ ಸುಂದ್ರವ್ವ ಈಗಲೂ ಆಡಿಕೊಳ್ಳುತ್ತಾಳೆ. “ನಿನ್ನ ಮನ್ಯಾಗ ಕಳ್ಳ ಬಂದ್ರ ಅವಂಗ ಊಟಕ್ಕ ಇಕ್ಕಿ ಕಳಸ್ತಿ” ಎನ್ನುತ್ತಾಳೆ. ನಿಜ ಹೇಳುತ್ತೇನೆ, ಸಿನಿಮಾಕ್ಕೆ ಒಪ್ಪಿದ್ದು ಅದಕ್ಕೇ. ಅವರಿಗೆ ಸಿನಿಮಾದ ಚಟ ಎಂಥದ್ದೆಂದು ನೀನೂ ಬಲ್ಲೆ, ರವಿವಾರದ ಮಾರ್ನಿಂಗ್ ಶೋ ಒಂದನ್ನೂ ಬಿಡುತ್ತಿರಲಿಲ್ಲ. ಈ ಊರಲ್ಲಿ ಎಲ್ಲಿದ್ದರೂ ಒಂದು ದಿನ ನನ್ನನ್ನು ಪರದೆಯ ಮೇಲೆ ಕಂಡಾರು, ಕಂಡರೆ ಬಂದಾರು ಎಂದು ಆಸೆ.

ಶೂಟಿಂಗ್ ಎಲ್ಲ ರವಿವಾರಗಳಲ್ಲೇ. ಬಾಡಿಗೆ ಕ್ಯಾಮೆರಾ, ದೊಡ್ಡ ಕಂಪನಿಗಳು ಬಳಸಿ ಉಳಿಸಿದ ತುಂಡು ರೀಲುಗಳು. ಲೈಟಿನ ಬದಲು ಸುಂದ್ರವ್ವನ ಮಗಳ ಮದುವೆಯ ಬಿಳಿ ಚಾದರವನ್ನು ಬಿಸಿಲಿಗೆ ಹಿಡಿದರು, ಅದರ ಬೆಳಕು ನನ್ನ ಮುಖಕ್ಕೆ. ನಾನು ಅಳುವಾಗ ಚಾದರ ಹಿಡಿದ ಸುಂದ್ರವ್ವನೂ ಅಳುತ್ತ ಅದನ್ನೇ ಮೂಗಿಗೆ ಒತ್ತಿಕೊಂಡಳು, ಬೆಳಕು ಹೋಯಿತು, ಎಲ್ಲರೂ ಅವಳನ್ನು ಬೈದರು.

ಕಡೆಯ ದೃಶ್ಯ ಮಿಲ್ಲಿನ ಗೇಟಿನ ಮುಂದೆ. ಹೆಂಡತಿ ಗೇಟಿಗೆ ಬಂದು ಗಂಡನ ಹೆಸರು ಹಿಡಿದು ಕೂಗಬೇಕೆಂದು ಚಂದ್ರಾಮ ಬರೆದಿದ್ದ. ಕಥೆಯಲ್ಲಿ ಗಂಡನ ಹೆಸರು ಬಂಡೆಪ್ಪ. ನಾನು ಬರುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

“ಗಂಡನ ಹೆಸರ ಹಿಡದು ಬಾಜಾರದಾಗ ಒದರತಾರೇನೋ? ನಿಮ್ಮವ್ವ ಒದರ್ಯಾಳೇನು?”

“ಮೌಶಿ, ಇದು ಸಿನಿಮಾ ಐತಿ.”

“ಸಿನಿಮಾದಾಗಿನ ಹೆಣಮಕ್ಕಳಿಗೆ ಮರ್ಯಾದಿ ಇರಂಗಿಲ್ಲೇನು?”

“ಗೇಟಿನವ ಹೆಸರ ಕೇಳತಾನ. ಹೇಳಲಿಲ್ಲಂದ್ರ ಒಳಗ ಹ್ಯಾಂಗ ಹುಡುಕಬೇಕು ಅವ?”

“ಒಡಪ ಹಾಕಿ, ಪದದಾಗ ಹೆಸರ ಕೂಡಿಸಿ ಹೇಳತೀನಿ.”

ಸಾಯಬಣ್ಣ ಬಿದ್ದು ಬಿದ್ದು ನಕ್ಕ. ಚಂದ್ರಾಮನೂ ನಕ್ಕ, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, “ಹೇಳ್ರಿ ನೋಡೂಣು” ಎಂದ. ಈಗ ತಿಳಿಯಿತೇ, ನೀನು ಹೇಗೆ ಸಿನಿಮಾದಲ್ಲಿ ಬಂದೆಯೆಂದು? ನನ್ನ ಮದುವೆಯಲ್ಲಿ ಹೊಸ್ತಿಲ ಮೇಲೆ ತಡೆದು ಎಲ್ಲರೂ ಹೆಸರು ಕೇಳಿದಾಗ, ಸೆರಗಿನ ಮರೆಯಲ್ಲಿ ನೀನು ನನ್ನ ಕಿವಿಯಲ್ಲಿ ಉಸುರಿದ ಒಡಪು:

ಹಿತ್ತಲದಾಗ ಹಬ್ಬೇತಿ ಮಲ್ಲಿಗಿ ಬೇಲಿ,
ಪರಪ್ಪನವರು ಬರೂತನಾ ಬಾಗಲಕ್ಕ ಹಾಕಂಗಿಲ್ಲ ಕೀಲಿ.

ಅವರ ಹೆಸರಿದ್ದಲ್ಲಿ ಬಂಡೆಪ್ಪ ಎನ್ನಬೇಕಿತ್ತು, ಅಷ್ಟೇ. ಕ್ಯಾಮೆರಾ ಗರಗರ ಎಂದಿತು, ಗೇಟಿನವ ಹೆಸರು ಕೇಳಿದ, ನಾನು ಸೆರಗು ಸರಿ ಮಾಡಿಕೊಂಡು ಹೇಳಿದೆ. ಹೇಳಿ ಮುಗಿಸಿದಾಗ ಗೇಟಿನ ಪಾರ್ಟು ಮಾಡಿದವನು ತನ್ನ ಮಾತನ್ನೇ ಮರೆತು ಟೊಪ್ಪಿಗೆ ತೆಗೆದು ನಿಂತಿದ್ದ. ರೀಲೂ ಅಲ್ಲಿಗೇ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಯಾವ ಹೆಸರು ಹೇಳಿದೆನೆಂಬುದು ಯಾರ ಗಮನಕ್ಕೂ ಬರಲಿಲ್ಲ, ನನ್ನ ಗಮನಕ್ಕೂ.

ಗೊತ್ತಾದದ್ದು ಡಬ್ಬಿಂಗ್ ದಿನ. ಮೊದಲು ಬರೀ ಚಿತ್ರ ತೆಗೆದು, ಮಾತನ್ನು ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಪರದೆ ನೋಡುತ್ತ ತುಟಿಗೆ ಕೂಡಿಸುತ್ತಾರಂತೆ. ಡಬ್ಬಿಂಗ್ ಎಂದಾಗ ನಾನು, ಊಟದ ಡಬ್ಬಿ ತುಂಬುವ ಕೆಲಸವಾದರೆ ನನಗೆ ಬರುತ್ತದೆ ಬಿಡು ಎಂದುಕೊಂಡಿದ್ದೆ. ಮೈಕಿನ ಮುಂದೆ ನಿಂತು ಒಡಪು ಹೇಳಿದೆ. “ಮೌಶಿ, ಬಂಡೆಪ್ಪ ಅನ್ರಿ” ಎಂದ ಚಂದ್ರಾಮ. ಹೂಂ ಎಂದೆ, ಮತ್ತೆ ಹೇಳಿದೆ. ಮತ್ತೆ ಅದೇ ಹೆಸರು ಬಂತು. ಮೂರನೇ ಸಲವೂ ಅದೇ. ಮೈಕಿನಿಂದ ಈಚೆ ಬಂದರೆ ಬಂಡೆಪ್ಪ ಎನ್ನುವ ಬಾಯಿ, ಒಡಪಿಗೆ ಬಂದ ಕೂಡಲೇ ತನ್ನ ದಾರಿ ತಾನು ಹಿಡಿಯುತ್ತಿತ್ತು. ಬಾಡಿಗೆ ಕೋಣೆ, ಹೊರಗೆ ಇನ್ನೊಂದು ಕಂಪನಿಯವರು ಕಾಯುತ್ತಿದ್ದರು. ನನಗೆ ಅಳುವೇ ಬಂತು.

“ತಮ್ಮಾ, ನನಗ ಆಗಂಗಿಲ್ಲೋ. ಬ್ಯಾರೆ ಮಾತು ಎಷ್ಟರೆ ಬದಲಿಸು. ಇದರಾಗ ಇನ್ನೊಬ್ಬನ ಹೆಸರ ಹ್ಯಾಂಗ ಹಾಕಲಿ?”

ಚಂದ್ರಾಮ ಆ ತುಂಡನ್ನು ಮತ್ತೆ ಮತ್ತೆ ಓಡಿಸಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನನ್ನ ತುಟಿಯನ್ನೇ ನೋಡಿದ. ಇದ್ದಕ್ಕಿದ್ದಂತೆ ಕುಣಿದಾಡತೊಡಗಿದ. “ಮೌಶಿ! ಬಂಡೆಪ್ಪ ಅಂದ್ರೂ ತುಟಿ ಕೂಡತೈತಿ, ಪರಪ್ಪ ಅಂದ್ರೂ ಕೂಡತೈತಿ! ನೀವು ಬದಲಾಗೂದು ಬ್ಯಾಡ. ಇಡೀ ಸಿನಿಮಾದಾಗ ಅವನ ಹೆಸರಽ ಬದಲ ಮಾಡೂಣು!” ಹಾಗೇ ಮಾಡಿದ. ಬಂಡೆಪ್ಪ ಎಂದು ಕರೆದವರೆಲ್ಲ ಮತ್ತೆ ಬಂದು ಹೊಸ ಹೆಸರು ಕರೆದು ಹೋದರು. “ನನಗ ಮರುನಾಮಕರಣ ಆತು, ತೊಟ್ಟಲಕ್ಕ ಹಾಕಲಿಲ್ಲ, ಪೇಢೆ ಸೈತ ಹಂಚಲಿಲ್ಲ” ಎಂದು ಸಾಯಬಣ್ಣ ಗೊಣಗಿದ. ನಮ್ಮ ರಾಜ್ಯಕ್ಕೂ ಹೊಸ ಹೆಸರು ಬರಲಿದೆಯಂತಲ್ಲ, ಇದು ಹೆಸರು ಬದಲಾಗುವ ಕಾಲವೇ ಇರಬೇಕು ಎಂದು ಸಮಾಧಾನ ಹೇಳಿದೆ.

ಹೀಗೆ ಅವರ ಹೆಸರು ಸಿನಿಮಾದ ತುಂಬ ಕೇಳುತ್ತದೆ, ರುಕ್ಮಿಣಿ. ನೀನು ಮೊದಲು ಕೇಳುವುದು ಏನೆಂದು ನನಗೆ ಗೊತ್ತು: ಅವರಿಗೆ ಕೇಳಿಸಿತೇ? ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ಪ್ರಚಾರದ ಗಮ್ಮತ್ತು ಕೇಳು.

ಬೈಕುಲ್ಲಾದ ಒಂದು ಸಣ್ಣ ಛಾಪಖಾನೆಯಲ್ಲಿ ಹಸ್ತಪತ್ರಿಕೆ ಹೊಡೆಸಿದೆವು, ಸಾಯಬಣ್ಣನ ಮುಖ ದೊಡ್ಡದಾಗಿ, ನನ್ನದು ಮೂಲೆಯಲ್ಲಿ. ಗೋಡೆಗೆ ಹಚ್ಚಲು ಮೈದಾ ಅಂಟನ್ನು ನಾನೇ ಖಾನಾವಳಿಯ ದೊಡ್ಡ ಪಾತೇಲಿಯಲ್ಲಿ ಕುದಿಸಿದೆ. ಒಬ್ಬ ಗಿರಾಕಿ ಅದನ್ನು ಕಡಲೆಹಿಟ್ಟಿನ ಪಿಠಲೆ ಎಂದು ತಿಳಿದು ಬಟ್ಟಲು ಒಡ್ಡಿದ್ದ! ಆಮೇಲೆ ನನಗೆ ಹೊಳೆಯಿತು, ಗೋಡೆಗಿಂತ ಡಬ್ಬಿ ಮೇಲು ಎಂದು. ಮಿಲ್ಲುಗಳಿಗೆ ಹೋಗುವ ಪ್ರತಿಯೊಂದು ಡಬ್ಬಿಯಲ್ಲೂ ರೊಟ್ಟಿಯ ಮೇಲೆ ಒಂದೊಂದು ಹಸ್ತಪತ್ರಿಕೆ ಇಟ್ಟು ಮುಚ್ಚಿದೆ. ಶಾಯಿ ಇನ್ನೂ ಹಸಿ, ರೊಟ್ಟಿ ಬಿಸಿ. ಸಂಜೆ ಡಬ್ಬಿ ವಾಪಸು ತಂದವರೆಲ್ಲ ಹೇಳುವುದೊಂದೇ: “ಮೌಶಿ, ಇವತ್ತ ಸಾಯಬಣ್ಣನ ಮೀಸಿ ತಿಂದ್ವಿ.” ರೊಟ್ಟಿಯ ಮೇಲೆ ಅವನ ಮುಖ ಮೂಡಿತ್ತಂತೆ! ಅದಕ್ಕಿಂತ ದೊಡ್ಡ ಪ್ರಚಾರ ಯಾವ ಕಂಪನಿ ಮಾಡೀತು? ಪರೇಲಿನ ಮೊದಲ ಆಟಕ್ಕೆ ಮೂರೂ ಪಾಳಿಯವರು ಬಂದರು, ಮೀಸೆ ನೋಡುವುದಕ್ಕೇ.

ಪರದೆಯ ಮೇಲೆ ನನ್ನನ್ನು ನಾನೇ ಕಂಡು ಸೆರಗು ಬಾಯಿಗೆ ಹಿಡಿದೆ. ಎಷ್ಟು ದಪ್ಪ ಕಾಣುತ್ತೇನೆ ಗೊತ್ತೇ! ಸುಂದ್ರವ್ವ ಮಾತ್ರ ಸಿನಿಮಾದ ಉದ್ದಕ್ಕೂ “ಅದು ನನ್ನ ಚಾದರದ ಬೆಳಕು” ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಗೇಟಿನ ದೃಶ್ಯ ಬಂತು. ನಾನು “ಬಾಗಲಕ್ಕ ಹಾಕಂಗಿಲ್ಲ” ಎನ್ನುತ್ತಲೇ ಹೆಂಗಸರ ಸಾಲಿನಿಂದ ಹತ್ತಾರು ದನಿ “ಕೀಲಿ” ಎಂದವು. ಚಂದ್ರಾಮ ಬಾಗಿಲ ಬಳಿ ನಿಂತು ಮಗುವಿನಂತೆ ಅಳುತ್ತಿದ್ದ.

ಎರಡನೇ ಆಟ ಮೊನ್ನೆ ರವಿವಾರ ಘಾಟ್ಕೋಪರದಲ್ಲಿ. ಅಲ್ಲಿಯೇ ಆಗಬೇಕೆಂದು ಹಟ ಹಿಡಿದವಳು ನಾನು. ಹೋದ ಮಳೆಗಾಲದಲ್ಲಿ ಅಲ್ಲಿನ ಬಾಜಾರಿನಲ್ಲಿ ಅವರಂಥವರನ್ನು ನೋಡಿದೆನೆಂದು ಸುಂದ್ರವ್ವನ ತಮ್ಮ ಹೇಳಿದ್ದ. ಹಿಂದಿನ ವಾರವೇ ಹೋಗಿ, ಸ್ಟೇಶನ್ನಿನಿಂದ ಕಟ್ಟಡ ಏಳುತ್ತಿರುವ ಕಡೆಗೆಲ್ಲ ನಡೆದು, ನಮ್ಮ ಕಡೆಯ ಮಾತು ಕಿವಿಗೆ ಬಿದ್ದಲ್ಲೆಲ್ಲ ನಿಂತು ಹಸ್ತಪತ್ರಿಕೆ ಕೊಟ್ಟು ಬಂದೆ. ಆಟದ ದಿನ ಥೇಟರು ತುಂಬಿ ಜನ ಮೆಟ್ಟಿಲ ಮೇಲೆ ಕೂತರು. ಬಿಟ್ಟ ಮೇಲೆ ಹೆಂಗಸರು ನನ್ನನ್ನು ಸುತ್ತುಗಟ್ಟಿ ಮುಖ ಮುಟ್ಟಿ ಮುಟ್ಟಿ ನೋಡಿದರು. ಸೊಲ್ಲಾಪುರದಿಂದ ಕರೆ ಬಂದಿದೆ, ಬಿಜಾಪುರದಲ್ಲೂ ತೋರಿಸುತ್ತಾರಂತೆ. ಅಲ್ಲಿಗೆ ಬಂದಾಗ ನೀನು ಮುಂದಿನ ಸಾಲಿನಲ್ಲಿ ಕೂರಬೇಕು. ಒಡಪು ಕಟ್ಟಿದವಳು ನೀನೆಂದು ಎದ್ದು ನಿಂತು ಹೇಳು, ನಾಚಿಕೊಂಡೀ ಮತ್ತೆ.

ಬರೆಯುತ್ತ ಹೋದರೆ ಒಲೆ ಆರುತ್ತದೆ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳು ನಿನ್ನಷ್ಟು ಓದಲಿ, ನಿನಗಿಂತ ಕಡಿಮೆ ಹಟ ಮಾಡಲಿ, ನಿನ್ನ ಮೊಣಕಾಲು ಬೇಗ ನೆಟ್ಟಗಾಗಲಿ. ದೇವರು ನಿನ್ನ ಮನೆಯನ್ನು ತುಂಬಿದ ಹಾಗೇ ಇಟ್ಟಿರಲಿ.

ನಿನ್ನ
ಕಸ್ತೂರಿ

ತಾ.ಕ.: ಆಮೇಲೆ ಬರೆಯುತ್ತೇನೆ ಎಂದದ್ದನ್ನು ಬರೆಯದೇ ಕಾಗದ ಮಡಿಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಅವರಿಗೆ ಕೇಳಿಸಿತು.

ಘಾಟ್ಕೋಪರದಲ್ಲಿ ಆಟ ಬಿಟ್ಟಾಗ ಗುಂಪಿನಲ್ಲೇ ಬಂದರು. ಕಿವಿಯ ಮೇಲೆ ಕೂದಲು ನೆರೆತಿದೆ, ನಡಿಗೆ ಅದೇ. ಹೆಗಲ ಮೇಲೆ ಒಂದು ಹೆಣ್ಣು ಕೂಸು. ಜೊತೆಗೆ ಒಬ್ಬಾಕೆ, ನಮ್ಮ ಕಡೆಯವಳೇ, ನನಗಿಂತ ಬಹಳ ಸಣ್ಣವಳು. ಕೆಟ್ಟವಳಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಆಕೆಯೇ ಮುಂದೆ ಬಂದು ನನ್ನ ಕೈ ಹಿಡಿದಳು. “ಅಕ್ಕಾರ, ನಮ್ಮ ಮನಿಯವರದೂ ಅದಽ ಹೆಸರ ನೋಡ್ರಿ! ನೀವು ಅಂದ ಕೂಡ್ಲೆ ನಾ ಇವರಿಗೆ ತಿವದೆ. ಆ ಒಡಪ ಇನ್ನೊಮ್ಮೆ ಹೇಳ್ರಿ, ನಾನೂ ಕಲ್ಕೋತೀನಿ.”

ಹೇಳಿಕೊಟ್ಟೆ, ರುಕ್ಮಿಣಿ. ಇನ್ನೇನು ಮಾಡಲಿ? ಆಕೆಗೆ ಬಾಯಿಪಾಠ ಆಗುವವರೆಗೆ ಹೇಳಿಕೊಟ್ಟೆ. ಅವರು ಕೂಸಿನ ಕಾಲು ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದರು. ಹೊರಡುವಾಗ ಮಾತ್ರ ಒಮ್ಮೆ ತಲೆ ಎತ್ತಿ ಕೈ ಮುಗಿದರು. “ಬರ್ತೀವ್ರಿ, ಅಕ್ಕಾರ” ಎಂದರು.

ನನಗೆ ಅಕ್ಕಾರ ಎಂದರು.

ಮನೆಗೆ ಬಂದು ಕೀಲಿ ಹುಡುಕಿ ತೆಗೆದೆ. ಇಷ್ಟು ವರ್ಷ ಬಳಸದೆ ತುಕ್ಕು ಹಿಡಿದಿದೆ, ಕೀಲಿಕೈ ತಿರುಗುತ್ತಿಲ್ಲ. ಸುಂದ್ರವ್ವನ ಹೊಲಿಗೆ ಮಷೀನಿನ ಎಣ್ಣೆ ತಂದು ಬಿಟ್ಟಿದ್ದೇನೆ. ನೋಡಬೇಕು.