ನಝೀಹ್ ಮಾವನ ಮಗಳು

ಮಾರ್ಚ್ 5, ಸೋಮವಾರ
ಮುಖ್ತಾರ್ ಇವತ್ತೂ ಕಾಫಿ ಕುಡಿಸಿದ, ಮೊಹರು ಒತ್ತಲಿಲ್ಲ. ಮೊಹರು ಅಳಿಯನ ಕಾರಿನಲ್ಲಿದೆಯಂತೆ. ಇಂಥವರು ಈ ಓಣಿಯಲ್ಲಿದ್ದಾರೆ ಎಂದು ಬರೆದುಕೊಡುವುದೇ ಅವನ ಕೆಲಸ. ಮೂವತ್ತನಾಲ್ಕು ವರ್ಷದಿಂದ ಎದುರು ಮನೆಯಲ್ಲಿದ್ದೇನೆ. ಕಿಟಕಿ ತೆಗೆದರೆ ನನ್ನ ಬಟ್ಟೆ ಒಣಗುವುದು ಕಾಣುತ್ತದೆ. ಆದರೂ ಎರಡು ಫೋಟೋ ಬೇಕು!

ಮೂರು ವರ್ಷಕ್ಕೊಮ್ಮೆ ಇದೇ ತಿರುಗಾಟ. ಅಮ್ಮ ಲೆಬನಾನಿನವಳು. ನಾನು ಹುಟ್ಟಿದ್ದು ಇಲ್ಲೇ, ಟ್ರಿಪೋಲಿಯಲ್ಲಿ. ಆದರೆ ಇಲ್ಲಿ ಮಕ್ಕಳಿಗೆ ಪೌರತ್ವ ಬರುವುದು ಅಪ್ಪನಿಂದ ಮಾತ್ರ. ಅಪ್ಪ ಈಜಿಪ್ಟಿನ ಬಡಗಿ, ಕುರ್ಚಿ ಕೆತ್ತಲು ಬಂದವನು. ನನಗೆ ಐದು ವರ್ಷವಾಗಿದ್ದಾಗ ತೀರಿಕೊಂಡ. ನಾನು ಕಾಲಿಡದ ದೇಶದ ಪಾಸ್‌ಪೋರ್ಟ್ ಬಿಟ್ಟುಹೋದ. ಈಗ ಅಮ್ಮನ ಮಗಳು ಎಂಬ ಕಾರಣಕ್ಕೆ ಸರ್ಕಾರ ನನ್ನನ್ನು ಇರಗೊಡುತ್ತದೆ. ಸೌಜನ್ಯದ ವಾಸ ಪರವಾನಗಿ ಅಂತ ಅದರ ಹೆಸರು. ಸೌಜನ್ಯ ಮುಗಿಯುವುದು ಏಪ್ರಿಲ್ 12ಕ್ಕೆ.

ಮಾರ್ಚ್ 9
ಅಮ್ಮ ಉಪ್ಪಿನ ಡಬ್ಬಿಯನ್ನು ಬಟ್ಟೆ ಬೀರುವಿನಲ್ಲಿಟ್ಟಿದ್ದಳು. ಬೈಯಲಿಲ್ಲ. ಮಧ್ಯಾಹ್ನ ಒಣ ಮುಲೂಖಿಯಾ ಸೊಪ್ಪನ್ನು ಅಪ್ಪನ ಊರಿನವರ ಹಾಗೆ ಪುಡಿ ಮಾಡಿ ಬೇಯಿಸಿದಳು. ಇಲ್ಲಿಯವರು ಇಡೀ ಎಲೆ ಹಾಕುತ್ತಾರೆ. ರುಚಿ ಎಳ್ಳಷ್ಟೂ ತಪ್ಪಿಲ್ಲ. ಆಮೇಲೆ ನನ್ನನ್ನು ಕೇಳಿದಳು — “ಇವತ್ತು ಶಾಲೆ ಇಲ್ವಾ?”
ನಾನು ಕೆಲಸ ಮಾಡುವ ಹಲ್ಲಿನ ಡಾಕ್ಟರ್ ಕ್ಲಿನಿಕ್‌ಗೆ ಅರ್ಧ ಗಂಟೆ ತಡ.

ಮಾರ್ಚ್ 14
ಅಂತೂ ಮೊಹರು ಬಿತ್ತು, ಪರವಾನಗಿ ಕಚೇರಿಯಲ್ಲಿ ಫೈಲ್ ಕೊಟ್ಟೆ. ಕೌಂಟರಿನವನು ಹಾಳೆ ತಿರುವಿದ, ಮತ್ತೆ ತಿರುವಿದ.
“ಈ ಸಲ ನಿಮ್ಮ ತಾಯಿ ಖುದ್ದಾಗಿ ಬರ್ಬೇಕು. ಹೇಳಿಕೆ ಅವರ ಬಾಯಿಂದ್ಲೇ ಆಗ್ಬೇಕು.”
ಅಮ್ಮನ ಬಾಯಿ! ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ಹೇಳಲಾರದ ಬಾಯಿ.

ಅಮ್ಮನ ತಮ್ಮ ನಝೀಹ್ ಮಾವನಿಗೆ ಫೋನ್ ಮಾಡಿದೆ. ಡ್ರೈವಿಂಗ್ ಸ್ಕೂಲಿನವನು, ಅರ್ಧ ಊರೇ ಅವನ ಶಿಷ್ಯರು.
“ಅಯ್ಯೋ, ಅಲ್ಲಿನ ಲೆಫ್ಟಿನೆಂಟ್‌ಗೆ ಕಾರು ಹಿಂದಕ್ಕೆ ತೆಗೆಯೋದು ಕಲಿಸಿದ್ದೇ ನಾನು ಕಣೇ. ನಾನೂ ಜೊತೆಗೆ ಬರ್ತೀನಿ. ಐದು ನಿಮಿಷದ ಕೆಲಸ.”
ನಮ್ಮೂರಿನಲ್ಲಿ ಐದು ನಿಮಿಷದ ಕೆಲಸವೆಂದರೆ ನನಗೆ ಭಯ.

ಮಾರ್ಚ್ 18
ಅಮ್ಮನಿಗೆ ಬಾಯಿಪಾಠ ಮಾಡಿಸುತ್ತಿದ್ದೇನೆ.
“ಇವಳ್ಯಾರು?”
“ರುದೈನಾ. ನನ್ನ ಮಗಳು. ಯಾಕೆ, ನಂಗೇನು ಬುದ್ಧಿ ಕೆಟ್ಟಿದ್ಯಾ?”
ಐದಕ್ಕೆ ಐದು ಸರಿ. ಹಣೆಗೆ ಮುತ್ತಿಟ್ಟೆ.

ನನಗೆ ಆರು ವರ್ಷವಾಗಿದ್ದಾಗ ಇದೇ ಅಡುಗೆಮನೆಯಲ್ಲಿ ಅಮ್ಮ ನನಗೆ ಬಾಯಿಪಾಠ ಮಾಡಿಸಿದ್ದಳು. ಉಲ್ಟಾ ಪಾಠ. ಶಾಲೆಯಲ್ಲಿ ಪರದೇಶದ ಮಕ್ಕಳಿಗೆ ಸೀಟಿಲ್ಲ ಅಂದಿದ್ದರು. ಅದಕ್ಕೆ ಮಾವ ತನ್ನ ಹೆಸರು ಕೊಟ್ಟ, ಅಪ್ಪ ಎಂದಿರುವ ಕಡೆ ಸಹಿ ಹಾಕಿದ. “ಯಾರು ಕೇಳಿದ್ರೂ ನಝೀಹ್‌ನ ಮಗಳು ಅನ್ನು. ನನ್ನ ಅಮ್ಮ ಅನ್ಬೇಡ, ಅತ್ತೆ ಅನ್ನು. ಇಲ್ದಿದ್ರೆ ಹಡಗು ಹತ್ತಿಸಿ ಕಳಿಸಿಬಿಡ್ತಾರೆ.” ಬೀದಿಯಲ್ಲಿ, ಯೂನಿಫಾರ್ಮಿನವರ ಎದುರು, ವರ್ಷಗಟ್ಟಲೆ ಅಮ್ಮನನ್ನು ಅತ್ತೆ ಅಂದೆ. ಬಂದರಿನಲ್ಲಿ ಹಡಗು ಕೂಗಿದರೆ ಮಂಚದಡಿ ಸೇರುತ್ತಿದ್ದೆ.

ಮಾರ್ಚ್ 21, ಸಂಜೆ 5
ಇವತ್ತು ತಾಯಂದಿರ ದಿನ. ಕಚೇರಿಯ ಬಾಗಿಲಲ್ಲಿ ಕಾವಲಿನವನು ಅಮ್ಮನಿಗೆ ಒಂದು ಕೆಂಪು ಹೂ ಕೊಟ್ಟ.

ಲೆಫ್ಟಿನೆಂಟ್ ಎದ್ದು ನಿಂತು ಮಾವನ ಕೆನ್ನೆಗೆ ಮುತ್ತಿಟ್ಟ. “ಗುರುಗಳೇ! ಈಗ್ಲೂ ಹಿಂದಕ್ಕೆ ತೆಗೆಯುವಾಗ ನಿಮ್ಮ ಬೈಗುಳ ಕೇಳಿಸುತ್ತೆ.” ಕಾಫಿ ಬಂತು. ಎಲ್ಲ ಮದುವೆಮನೆಯಷ್ಟು ಸಲೀಸು. ಆಮೇಲೆ ಅಮ್ಮನ ಕಡೆ ತಿರುಗಿದ.
“ಅಮ್ಮಾ, ಸುಮ್ನೆ ನಿಯಮಕ್ಕೆ ಕೇಳ್ತಿದೀನಿ. ಈಕೆ ನಿಮಗೇನಾಗಬೇಕು?”

ಅಮ್ಮ ಅವನ ಯೂನಿಫಾರ್ಮ್ ನೋಡಿದಳು. ನನ್ನನ್ನು ನೋಡಿದಳು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.
“ನನ್ನ ತಮ್ಮನ ಮಗಳು. ಅಗೋ, ಅವನೇ ನಿಂತಿದ್ದಾನಲ್ಲ, ಕೇಳಿ ಬೇಕಾದ್ರೆ.”
ಲೆಫ್ಟಿನೆಂಟ್ ನಕ್ಕ. “ತಮ್ಮನ ಮಗಳಾದ್ರೆ ಲೆಬನಾನಿನವಳೇ ಆದ್ಲಲ್ಲ, ಪರವಾನಗಿ ಯಾಕಮ್ಮಾ?”
“ಅದನ್ನೇ ನಾನೂ ಹೇಳೋದು ಸಾಹೇಬ್ರೇ. ನನಗೆ ಮಕ್ಕಳಿಲ್ಲ.”
ಪಕ್ಕದ ಟೈಪಿಸ್ಟ್ ಅಷ್ಟನ್ನೂ ಟೈಪ್ ಮಾಡಿಬಿಟ್ಟಿದ್ದ.

“ಅಮ್ಮ, ನಾನು...” ಅಂದೆ. ಕೈ ಚಿವುಟಿದಳು, ಆರು ವರ್ಷದವಳನ್ನು ಚಿವುಟಿದ ಹಾಗೆ. ಮಾವ ಕಾಫಿಯ ಲೋಟ ನೋಡುತ್ತ ನಿಂತುಬಿಟ್ಟ.

ಕಾರಿನಲ್ಲಿ ಕೇಳಿದೆ — “ಯಾಕೆ ಬಾಯಿ ಬಿಡ್ಲಿಲ್ಲ ಮಾವ?”
“ಏನಂತ ಬಿಡ್ಲಿ? ಹಳೇದನ್ನ ಕೆದಕಿದ್ರೆ ಶಾಲೆ ಫಾರಂ ಹೊರಗೆ ಬರುತ್ತೆ. ಸುಳ್ಳು ಸಹಿ ಹಾಕಿದ್ದು ನಾನು.”
ಹಿಂದಿನ ಸೀಟಿನಲ್ಲಿ ಅಮ್ಮ ಹೂ ಮೂಸುತ್ತ ಕೂತಿದ್ದಳು. ಪರೀಕ್ಷೆ ಪಾಸಾದವಳ ಮುಖ.

ಮಾರ್ಚ್ 29
ಲೆಫ್ಟಿನೆಂಟ್ ಮಾವನಿಗೆ ಹೇಳಿದ್ದು ಇಷ್ಟು: ನೆನಪು ಕೆಟ್ಟಿದೆ ಎಂದು ಡಾಕ್ಟರ್ ಪತ್ರ ತಂದರೆ ಅಮ್ಮನ ಹೇಳಿಕೆ ಬಿದ್ದುಹೋಗುತ್ತದೆ, ಆದರೆ ಅರ್ಜಿಯ ಮೇಲಿನ ಅವಳ ಸಹಿಯೂ ಬಿದ್ದುಹೋಗುತ್ತದೆ. ಆಮೇಲೆ ಅವಳ ಪರವಾಗಿ ಸಹಿ ಹಾಕುವವರನ್ನು ನೇಮಿಸಲು ಕೋರ್ಟು, ತಿಂಗಳುಗಟ್ಟಲೆ. ಪತ್ರ ತರದಿದ್ದರೆ ಅಮ್ಮನ ಹೇಳಿಕೆ ನಿಲ್ಲುತ್ತದೆ — “ನನಗೆ ಮಕ್ಕಳಿಲ್ಲ.” ಅತ್ತ ದರಿ, ಇತ್ತ ಪುಲಿ. ಪರವಾನಗಿ ಹೋದರೆ ನಾನು ದೇಶ ಬಿಡಬೇಕು. ಅಮ್ಮನಿಗೆ ಯಾರು?
ಗುರುಗಳ ಮುಖ ನೋಡಿ ಒಂದೇ ಒಂದು ಅವಕಾಶ. ಏಪ್ರಿಲ್ 11. ಅವಳು ಸರಿಯಾಗಿ ಹೇಳಿದರೆ ಹಳೇ ಹಾಳೆ ಹರಿದುಹಾಕುತ್ತಾನಂತೆ.

ಏಪ್ರಿಲ್ 2
ಅಮ್ಮನ ಮೇಲೆ ಕೂಗಾಡಿದೆ. “ಮಗಳು ಅನ್ನೋಕೆ ಏನು ಕಷ್ಟ ನಿನಗೆ?” ಅಂದೆ. ಅತ್ತಳು. ಆಮೇಲೆ ಇಬ್ಬರೂ ಅತ್ತೆವು. ಅವಳು ಯಾಕೆಂದು ಮರೆತು ಮೊದಲು ನಿಲ್ಲಿಸಿದಳು.

ಏಪ್ರಿಲ್ 8
ಮಾವ ತನ್ನ ಹಳೇ ಸ್ಕೌಟ್ ಅಂಗಿ ಹಾಕಿಕೊಂಡು ಬಂದ, ಯೂನಿಫಾರ್ಮ್ ಅಭ್ಯಾಸವಾಗಲಿ ಅಂತ. ಗುಂಡಿ ಹತ್ತಲಿಲ್ಲ.
“ಹೊಟ್ಟೆ ಒಳಗೆಳ್ಕೊಳೋ ನಝೀಹ್, ಮಿಲಿಟರಿ ಮರ್ಯಾದೆ ಹೋಗುತ್ತೆ.”
ನಕ್ಕೆವು. ಎಷ್ಟು ದಿನವಾಗಿತ್ತು!
“ಅಕ್ಕಾ, ಇವಳ್ಯಾರು?”
“ನನ್ನ ಮಗಳು ಕಣೋ. ಹೊತ್ತು ಹೆತ್ತಿದ್ದೀನಿ.”
ಮೂರು ಸಲ ಕೇಳಿದ. ಮೂರು ಸಲವೂ ಸರಿ. ಆಸೆ ಪಡಬಾರದು. ಪಟ್ಟುಕೊಂಡಿದ್ದೇನೆ.

ಏಪ್ರಿಲ್ 11, ಬೆಳಿಗ್ಗೆ 7:40
ಅಮ್ಮನಿಗೆ ನೀಲಿ ಕೋಟು ಹಾಕಿದೆ. ಒಣಗಿದ ಆ ಹೂವನ್ನೂ ಗುಂಡಿಗೆ ಸಿಕ್ಕಿಸಿಕೊಂಡಿದ್ದಾಳೆ. ಇವತ್ತು ತುಂಬಾ ಚುರುಕಾಗಿದ್ದಾಳೆ. ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ, ಎಲ್ಲ ಗೊತ್ತು. ನನ್ನ ಹೆಸರೂ ಹೇಳಿದಳು. ಕೆಳಗೆ ಮಾವ ಹಾರ್ನ್ ಹೊಡೆದ. ಚೀಲ ತೆಗೆದುಕೊಳ್ಳಲು ಬಗ್ಗಿದಾಗ ನನ್ನ ಕಿವಿಯ ಹತ್ತಿರ ಬಂದಳು.

“ಹೆದರ್ಬೇಡ ಮಗಳೇ. ನಿನ್ನ ಹಡಗು ಹತ್ತಿಸೋಕೆ ಬಿಡಲ್ಲ. ಅವರು ಕತ್ತು ಹಿಸುಕಿದ್ರೂ ನಿನ್ನ ನನ್ನ ಮಗಳು ಅನ್ನಲ್ಲ.”

ಮತ್ತೆ ಹಾರ್ನ್. ಅಮ್ಮ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಾಳೆ. ನಾನು ಇನ್ನೂ